ಚಿಮ್ಮಿದ ಎಣ್ಣೆ, ಮರಳಿದ ಬೆಳಕು

ಮಳೆಗಾಲದ ಒಂದು ಸಂಜೆ. ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಹಳೆಯ ಬೈಕಿನ ಹೆಡ್‌ಲೈಟು ದಾರಿಯಲ್ಲಿ ಮಂಕಾಗುತ್ತದೆ. ಬ್ಯಾಟರಿ ಚೆನ್ನಾಗಿದೆ, ಬಲ್ಬೂ ಹೊಸದು. ಮೆಕ್ಯಾನಿಕ್ಕನು ದೀಪದ ಹಿಂದಿನ ಕನೆಕ್ಟರನ್ನು ಬಿಚ್ಚಿ, ಸ್ಪ್ರೇ ಡಬ್ಬಿಯಿಂದ ಎಣ್ಣೆ ಚಿಮ್ಮಿಸಿ, ಮತ್ತೆ ಜೋಡಿಸುತ್ತಾನೆ. ಬೆಳಕು ಮರಳುತ್ತದೆ! ಎಣ್ಣೆಯು ವಿದ್ಯುತ್ತನ್ನು ಹರಿಯಗೊಡದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾದರೆ ಇದು ಹೇಗೆ ಸಾಧ್ಯವಾಯಿತು?

ಮೊದಲು ರೋಗವನ್ನು ತಿಳಿಯೋಣ. ಎರಡು ಲೋಹಗಳನ್ನು ಜೋಡಿಸಿದಾಗ ಅವು ನಿಜವಾಗಿ ತಾಗುವುದು ಕೆಲವು ಸೂಕ್ಷ್ಮ ಬಿಂದುಗಳಲ್ಲಿ ಮಾತ್ರ. ಅಲ್ಲಿ ಮಳೆನೀರೂ ಕೆಸರೂ ಸೇರಿದರೆ ತಾಮ್ರಕ್ಕೆ ಕಿಲುಬು, ಕಬ್ಬಿಣಕ್ಕೆ ತುಕ್ಕು ಹಿಡಿದು ರೋಧವು ಹೆಚ್ಚುತ್ತದೆ. ಓಮನ ನಿಯಮವನ್ನು ನೆನೆಯಿರಿ. ೩ ಆಂಪೇರ್ ಪ್ರವಾಹವು ಅರ್ಧ ಓಮ್ ರೋಧವನ್ನು ದಾಟುವಾಗ ೧.೫ ವೋಲ್ಟು ಅಲ್ಲಿಯೇ ಕಳೆಯುತ್ತದೆ. ೧೨ ವೋಲ್ಟಿನ ದೀಪಕ್ಕೆ ಉಳಿಯುವುದು ೧೦.೫. ನಷ್ಟವು ಅಲ್ಪವೆಂದು ತೋರಬಹುದು. ಆದರೆ ತಂತಿಯ ಬಲ್ಬಿನ ಬೆಳಕು ಇದರಿಂದ ಸುಮಾರು ಮೂರನೆಯ ಒಂದು ಪಾಲು ತಗ್ಗುತ್ತದೆ. ಕಳೆದ ಶಕ್ತಿಯು ಶಾಖವಾಗಿ ಕನೆಕ್ಟರನ್ನು ಬಿಸಿಮಾಡುತ್ತದೆ. ಪ್ರವಾಹವು ಹೆಚ್ಚಾಗಿದ್ದಲ್ಲಿ ಪ್ಲಾಸ್ಟಿಕ್ ಕರಗುವುದೂ ಉಂಟು.

ಇನ್ನು ಮದ್ದು. ಇಂತಹ ದ್ರವಗಳಲ್ಲಿ ಹೆಸರಾದ ಡಬ್ಲ್ಯೂಡಿ-೪೦ ಅಮೆರಿಕದ ಸ್ಯಾನ್ ಡಿಯೇಗೋ ನಗರದ ರಾಕೆಟ್ ಕೆಮಿಕಲ್ ಕಂಪೆನಿಯಲ್ಲಿ ೧೯೫೩ರಲ್ಲಿ ಸಿದ್ಧವಾಯಿತು. ನೀರನ್ನು ಹೊರದೂಡುವ ದ್ರವಕ್ಕಾಗಿ ನಡೆದ ನಲವತ್ತನೆಯ ಪ್ರಯತ್ನವೆಂಬುದೇ ಆ ಹೆಸರಿನ ಅರ್ಥ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಮೊದಲು ಅದನ್ನು ಬಳಸಿದರು. ಈ ತೆಳುವಾದ ದ್ರವವು ಸಂದುಗಳಿಗೆ ನುಸುಳಿ ನೀರನ್ನು ಲೋಹದಿಂದ ಸರಿಸುತ್ತದೆ. ಕನೆಕ್ಟರನ್ನು ಒತ್ತಿ ಜೋಡಿಸಿದಾಗ ಲೋಹಗಳು ಒಂದನ್ನೊಂದು ಉಜ್ಜಿ, ಎಣ್ಣೆಯ ಪೊರೆಯನ್ನು ಭೇದಿಸಿ ತಾಗುತ್ತವೆ. ವಿದ್ಯುತ್ತನ್ನು ಒಯ್ದುದು ಎಣ್ಣೆಯಲ್ಲ. ಅದು ದಾರಿಯನ್ನು ತೆರವು ಮಾಡಿತು, ಅಷ್ಟೆ.

ಆದುದರಿಂದ ಅದರ ಮಿತಿಯನ್ನೂ ಅರಿಯಬೇಕು. ದಪ್ಪನಾದ ಕಿಲುಬು ಸ್ಪ್ರೇಯೊಂದರಿಂದಲೇ ಹೋಗದು; ಸಡಿಲವಾದ ಕ್ಲಿಪ್ಪು ಬಿಗಿಯಾಗದು; ಒಳಗೆ ತುಂಡಾದ ವಯರು ಕೂಡದು. ಸರಿಯಾದ ಕ್ರಮವೆಂದರೆ, ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚುವುದು. ಬಳಿಕ ವಿದ್ಯುತ್ ಸಂಪರ್ಕಗಳಿಗೆಂದೇ ತಯಾರಿಸಿದ ಕ್ಲೀನರ್ ಹಾಕಿ, ಸಣ್ಣ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಜೋಡಿಸುವುದು. ಈ ಸ್ಪ್ರೇಗಳಲ್ಲಿ ಅನೇಕವು ಬೇಗ ಬೆಂಕಿ ಹೊತ್ತುವಂಥವು. ಕಿಡಿಯ ಬಳಿಯಲ್ಲಾಗಲಿ ಕಾದ ಸೈಲೆನ್ಸರಿನ ಬಳಿಯಲ್ಲಾಗಲಿ ಅವನ್ನು ಚಿಮ್ಮಿಸಲಾಗದು.

ದೀಪವು ಹೊತ್ತಿತೆಂದು ಡಬ್ಬಿಯನ್ನು ಕೆಳಗಿಟ್ಟು ಹೊರಟರೆ, ಮುಂದಿನ ಮಳೆಯಲ್ಲಿ, ಕತ್ತಲೆಯ ತಿರುವಿನಲ್ಲಿ ಅದು ಮತ್ತೆ ಕೈಕೊಡಬಹುದು. ಬೆಳಕು ಮರಳಿದ ಮೇಲೂ "ಅದು ಹೋದುದೇಕೆ?" ಎಂದು ಕೇಳುವವನೇ ನಿಜವಾಗಿ ದುರಸ್ತಿ ಮಾಡಿದವನು.