ನದಿಯ ಹುಟ್ಟು, ಕೈಯಲ್ಲಿನ ಹುಟ್ಟು

ನಮ್ಮ ಕನ್ನಡದಲ್ಲಿ ‘ಹುಟ್ಟು’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಜನ್ಮವೆಂಬುದು ಒಂದು, ದೋಣಿಯನ್ನು ನಡೆಸುವ ಸಾಧನವೆಂಬುದು ಇನ್ನೊಂದು. ಈ ಎರಡು ಅರ್ಥಗಳೂ ಒಂದೆಡೆ ಕೂಡಿಬಂದುದನ್ನು ಕಾಣುವ ಯೋಗವು ನಮಗೆ ಅರುವತ್ತು ದಾಟಿದ ಮೇಲೆ, ಅದೂ ಸ್ವದೇಶದಿಂದ ಬಹುದೂರದಲ್ಲಿ ಒದಗಿತು. ನದಿಯೊಂದರ ಹುಟ್ಟನ್ನು ಕಣ್ಣಾರೆ ಕಂಡು, ಬಳಿಕ ಕೈಯಲ್ಲಿ ಹುಟ್ಟು ಹಿಡಿದು ಅದರೊಡನೆ ತೇಲಿಬಂದ ಆ ಒಂದು ದಿನದ ಅನುಭವವನ್ನೂ, ಅಂದು ನಾವು ಮಾಡಿದ ಒಂದು ತಪ್ಪನ್ನೂ ಓದುಗ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಅಮೆರಿಕೆಯ ಆಗ್ನೇಯ ತುದಿಯಲ್ಲಿರುವ ಫ್ಲಾರಿಡಾ ರಾಜ್ಯದಲ್ಲಿ ಧಾರವಾಡದ ಕಡೆಯ ಕುಟುಂಬವೊಂದು ನೆಲೆಸಿದೆ. ಅವರ ಆಮಂತ್ರಣದ ಮೇರೆಗೆ ಒಂದು ಜನವರಿ ತಿಂಗಳಲ್ಲಿ ಅಲ್ಲಿಗೆ ಹೋಗಿ, ಒಂದು ವಾರ ಸಂಜೆಯ ಹೊತ್ತು ಪ್ರವಚನ ನಡೆಸಿದೆವು. ಕೊನೆಯ ದಿನ ಮನೆಯ ಯಜಮಾನರು, “ಅಜ್ಜಾರ, ವಾರಾನುಗಟ್ಟಲೆ ನೀವು ನಮಗ ಹೇಳಿದ್ರಿ. ನಾಳೆ ಒಂದು ಹೊಳಿ ನಿಮಗ ಹೇಳ್ತದ, ನಡೀರಿ” ಎಂದರು. ಮರುದಿನ ನಸುಕಿನಲ್ಲಿಯೇ ಪೂಜೆ ಮುಗಿಸಿಕೊಂಡು, ರಾಜ್ಯದ ಉತ್ತರ ಭಾಗದಲ್ಲಿರುವ ಇಚೆಟಕ್ನಿ ಎಂಬ ನದಿಯೆಡೆಗೆ ಹೊರಟೆವು.

ನೆಲದೊಳಗಿಂದ ಎದ್ದುಬರುವ ಹೊಳೆ

ನಮ್ಮ ನಾಡಿನ ನದಿಗಳು ಬೆಟ್ಟದ ಮೇಲಿನ ಸಣ್ಣ ಸೆಲೆಗಳಿಂದ ಹೊರಟು, ಹಳ್ಳಕೊಳ್ಳಗಳ ನೀರು ಕೂಡಿ, ಮಳೆಗಾಲದಲ್ಲಿ ಕೆಂಪಾಗಿ ತುಂಬಿ, ಬೇಸಗೆಯಲ್ಲಿ ಸೊರಗುವುದನ್ನು ಎಲ್ಲರೂ ಬಲ್ಲರು. ಇಚೆಟಕ್ನಿಯ ರೀತಿಯೇ ಬೇರೆ. ಅಲ್ಲಿ ಬೆಟ್ಟವೆಂಬುದಿಲ್ಲ. ಮರಗಳ ನಡುವೆ ತಿಳಿನೀಲಿ ಬಣ್ಣದ ಒಂದು ಕೊಳ. ಅದರ ತಳದಲ್ಲಿ ಸುಣ್ಣಕಲ್ಲಿನ ಬಿರುಕು. ಆ ಬಿರುಕಿನಿಂದ ಹಗಲಿರುಳೂ ಉಕ್ಕುವ ನೀರು. ಕೊಳದ ಅಂಚು ದಾಟಿದೊಡನೆ ಅದೇ ನೀರು ನದಿಯೆನಿಸಿಕೊಳ್ಳುತ್ತದೆ. ಮುಂದೆ ಸಾಗಿದಂತೆ ಇನ್ನೂ ಹಲವು ಚಿಲುಮೆಗಳು ಎಡಬಲಗಳಿಂದ ಬಂದು ಕೂಡುತ್ತವೆ. ಸುಮಾರು 6 ಮೈಲಿ ಹರಿದು ಈ ಹೊಳೆ ಸಾಂಟಾ ಫೇ ನದಿಯನ್ನು ಸೇರುತ್ತದೆ. ಅದು ಸುವಾನಿಯನ್ನು ಸೇರಿ ಕಡಲಿಗೆ ಹೋಗುತ್ತದೆ.

ಇಂತಹ ಚಿಲುಮೆಗಳು ಫ್ಲಾರಿಡಾದಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಅವುಗಳಲ್ಲಿ ಮೊದಲ ದರ್ಜೆಯವೆಂದು ಗಣಿಸಲ್ಪಟ್ಟವು ಸೆಕೆಂಡಿಗೆ 2,800 ಲೀಟರಿಗೂ ಮಿಕ್ಕಿದ ನೀರನ್ನು ಹೊರಚೆಲ್ಲುತ್ತವೆ. ಇದರ ಮರ್ಮ ನೆಲದೊಳಗಿದೆ. ಆ ರಾಜ್ಯದ ಅಡಿಯಲ್ಲಿ ಸುಣ್ಣಕಲ್ಲಿನ ದಪ್ಪ ಪದರಗಳಿವೆ. ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡ ಮಳೆನೀರು ಕೊಂಚ ಆಮ್ಲಗುಣ ಪಡೆದು, ಸಾವಿರಾರು ವರ್ಷಗಳ ಕಾಲ ಆ ಕಲ್ಲನ್ನು ಕರಗಿಸುತ್ತ, ಸಂದುಗಳನ್ನೂ ಸುರಂಗಗಳನ್ನೂ ಕೊರೆದಿದೆ. ಇಂಗಿದ ನೀರು ಅಲ್ಲಿ ತುಂಬಿ, ತಗ್ಗಿದ್ದಲ್ಲಿ ಒತ್ತಡದಿಂದ ಮೇಲೇಳುತ್ತದೆ. ಬಿಸಿಲೂ ಚಳಿಯೂ ಮುಟ್ಟದ ಆಳದಿಂದ ಬರುವುದರಿಂದ ಅದರ ಉಷ್ಣತೆ ವರ್ಷವಿಡೀ ಸುಮಾರು 22 ಡಿಗ್ರಿ ಸೆಲ್ಸಿಯಸ್. ನಾವು ಹೋದ ದಿನ ಹೊರಗೆ ಚಳಿ ಹೆಚ್ಚಾಗಿದ್ದುದರಿಂದ, ಮನೆಯ ಹಂಡೆಯ ನೀರಿನಂತೆ ನದಿಯ ಮೇಲೆ ತೆಳ್ಳಗೆ ಹಬೆಯಾಡುತ್ತಿತ್ತು.

ಈ ಬೆಚ್ಚನೆಯ ನೀರನ್ನು ನಂಬಿ ಬದುಕುವ ಜೀವಿಯೊಂದಿದೆ: ಮ್ಯಾನಟೀ ಎಂಬ ನೀರುಹಸು. ಆನೆಯ ಮೈಬಣ್ಣದ, ಹುಲ್ಲು ತಿಂದು ಬಾಳುವ ಈ ಸಾಧುಪ್ರಾಣಿ 20 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಬಹುಕಾಲ ಬದುಕಲಾರದು. ಆದುದರಿಂದ ಚಳಿಗಾಲದಲ್ಲಿ ಅವು ಕಡಲನ್ನು ಬಿಟ್ಟು ಕ್ರಿಸ್ಟಲ್ ರಿವರ್‌ನಂತಹ ಚಿಲುಮೆಯ ನದಿಗಳಿಗೆ ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಅಲ್ಲಿ ಅವುಗಳಿಗಾಗಿ 1983ರಲ್ಲಿ ರಕ್ಷಿತಧಾಮವೊಂದು ಏರ್ಪಟ್ಟಿತು.

ದೋಣಿಯ ವಿಚಾರ

ಈ ನದಿಗಳಲ್ಲಿ ಜನರು ಬಳಸುವ ಕಿರುದೋಣಿಗಳು ಎರಡು ಬಗೆ: ಕನೂ ಮತ್ತು ಕಯಾಕ್. ಕನೂ ಮೇಲ್ಭಾಗ ತೆರೆದಿರುವ ದೋಣಿ. ಒಂದೇ ಅಲಗಿನ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ಆ ಪದವು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಬಂದುದು. ಕಯಾಕ್ ಉತ್ತರಧ್ರುವದ ಹಿಮಪ್ರದೇಶದ ಇನ್ಯೂಟ್ ಜನರ ಕೊಡುಗೆ. ಮರ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅವರು ಬೇಟೆಗೆಂದು ಕಟ್ಟಿಕೊಂಡ ದೋಣಿಯದು. ಅದರಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ಇಂದಿನವು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು.

ಫ್ಲಾರಿಡಾಕ್ಕೆ ದೋಣಿ ಹೊಸತೇನಲ್ಲ. 2000ದ ಬರಗಾಲದಲ್ಲಿ ಗೇನ್ಸ್‌ವಿಲ್ ನಗರದ ಸಮೀಪದ ನ್ಯೂನನ್ಸ್ ಸರೋವರ ಬತ್ತಿದಾಗ, ಅದರ ಕೆಸರಿನಲ್ಲಿ ಒಂದೇ ಮರವನ್ನು ಕೊರೆದು ಮಾಡಿದ 101 ದೋಣಿಗಳು ಕಂಡುಬಂದವು. ಅವುಗಳ ವಯಸ್ಸು 500ರಿಂದ 5,000 ವರ್ಷ. ಇಚೆಟಕ್ನಿಯ ದಂಡೆಯಲ್ಲಿಯೂ 17ನೆಯ ಶತಮಾನದಲ್ಲಿ ತಿಮುಕುವಾ ಎಂಬ ಮೂಲನಿವಾಸಿಗಳ ಊರಿತ್ತು. ಇಂದು ವಿನೋದಕ್ಕೆಂದು ನೀರಿಗಿಳಿಯುವವರು ಅವರು ನಡೆದ ದಾರಿಯಲ್ಲಿಯೇ ಹೋಗುತ್ತಾರೆ.

ನಮಗೆ ದೋಣಿಯೆಂದರೆ ಬಾಲ್ಯದಲ್ಲಿ ಹೊಳೆ ದಾಟುವಾಗ ಏರಿದ ಹರಿಗೋಲು. ಅಂಬಿಗನೆಂದರೆ ನೆನಪಿಗೆ ಬರುವವರು ಅಂಬಿಗರ ಚೌಡಯ್ಯನವರು. ಹುಟ್ಟು ಹಾಕುವ ಕಾಯಕದ ಶರಣರ ವಚನಗಳನ್ನು ನಾಲ್ಕು ದಶಕ ಪಾಠ ಹೇಳಿದ ನಾವು ಹುಟ್ಟನ್ನು ಕೈಯಿಂದ ಮುಟ್ಟಿದುದು ಅಂದೇ ಮೊದಲು! ಮನೆಯ ಮಗಳು, ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ತರುಣಿ, ನಮಗೆ ತೇಲುಕವಚ ತೊಡಿಸಿ, ಇಬ್ಬರು ಕೂಡುವ ಕಯಾಕಿನ ಮುಂಭಾಗದಲ್ಲಿ ಕೂರಿಸಿ, ತಾನು ಹಿಂದೆ ಕುಳಿತಳು. “ಎಡಕ್ಕ ಹೊಳ್ಳಬೇಕಾದ್ರ ಬಲಕ್ಕ ಹುಟ್ಟು ಹಾಕ್ರಿ ಅಜ್ಜಾರ. ಜಗ್ಗಿ ಎಳೀಬ್ಯಾಡ್ರಿ, ಹೊಳೀನ ಒಯ್ತದ” ಎಂದಳು. ಹತ್ತು ನಿಮಿಷದಲ್ಲಿ ನಮ್ಮ ಭುಜ ಸೋತಿತು. ಆಮೇಲೆ ಅವಳ ಮಾತು ಅರ್ಥವಾಯಿತು. ಪ್ರವಾಹಕ್ಕೆ ದಿಕ್ಕು ತೋರಿದರೆ ಸಾಕಾಗಿತ್ತು.

ಇಟ್ಟ ಹೆಜ್ಜೆ

ನೀರು ಎಷ್ಟು ತಿಳಿಯೆಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ಬೇರೆಯಾಗಿ ಹರಿಯುತ್ತಿತ್ತು. ಪಟ್ಟಿಯಂತಹ ನೀಳ ಎಲೆಗಳ ನೀರುಹುಲ್ಲು ಪ್ರವಾಹದಲ್ಲಿ ಬಾಚಿದ ಕೂದಲಿನಂತೆ ಒಂದೇ ಕಡೆಗೆ ಬಾಗಿತ್ತು. ಅದರ ನಡುವೆ ಮೀನುಗಳು. ಬಿದ್ದ ಮರದ ಬೊಡ್ಡೆಯ ಮೇಲೆ ಸಾಲಾಗಿ ಆಮೆಗಳು. ರೆಕ್ಕೆ ಬಿಚ್ಚಿ ಬಿಸಿಲಿಗೆ ಕುಳಿತ ಹಾವಕ್ಕಿ. ಸಿಲ್ವರ್ ಸ್ಪ್ರಿಂಗ್ಸ್ ಎಂಬಲ್ಲಿ ಇಂತಹ ತಳವನ್ನು ತೋರಿಸಲೆಂದೇ 1870ರ ದಶಕದ ಕೊನೆಯಿಂದ ಗಾಜಿನ ತಳದ ದೋಣಿಗಳನ್ನು ನಡೆಸುತ್ತ ಬಂದಿದ್ದಾರೆ. ಕಯಾಕಿಗೆ ಗಾಜು ಬೇಡ. ನೀರಿನ ಮಟ್ಟಕ್ಕೇ ಕುಳಿತವನಿಗೆ ಬಗ್ಗಿ ನೋಡಿದರೆ ಎಲ್ಲವೂ ಕಾಣುತ್ತದೆ. ಯಂತ್ರದ ಸದ್ದಿಲ್ಲದುದರಿಂದ ಪ್ರಾಣಿಪಕ್ಷಿಗಳೂ ಬೆದರಿ ಓಡುವುದಿಲ್ಲ.

ಒಂದು ತಿರುವಿನಲ್ಲಿ ನಮ್ಮ ಅಜಾಗರೂಕತೆಯಿಂದ ದೋಣಿ ದಂಡೆಯ ಕಡೆಗೆ ಸರಿದು ಆಳವಿಲ್ಲದಲ್ಲಿ ತಟ್ಟಿ ನಿಂತಿತು. ಮೊಣಕಾಲುದ್ದದ ನೀರು. ಇಳಿದು ನೂಕಿದರಾಯಿತೆಂದು ನಾವು ಕಾಲು ಹೊರಗಿಟ್ಟೆವು. ಹಿಂದಿನಿಂದ ಆ ಹುಡುಗಿ ಗಾಬರಿಯಿಂದ ಕೂಗಿದಳು: “ಅಜ್ಜಾರ, ಕಾಲ ಕೆಳಗ ಇಡಬ್ಯಾಡ್ರಿ!”

ಅಷ್ಟರಲ್ಲಿ ಒಂದು ಹೆಜ್ಜೆ ಊರಿಯಾಗಿತ್ತು. ತಳದಿಂದ ಬೂದುಬಣ್ಣದ ಕೆಸರು ಎದ್ದು, ನಾಲ್ಕಾರು ನೀರುಹುಲ್ಲಿನ ಗಿಡಗಳು ಬೇರುಸಹಿತ ಕಿತ್ತು ತೇಲಿಹೋದವು. ಅವಳು ತನ್ನ ಹುಟ್ಟಿನಿಂದ ಮೆಲ್ಲನೆ ದೋಣಿಯನ್ನು ಹಿಂದಕ್ಕೆ ಸರಿಸಿ, “ಇಲ್ಲಿ ದಿನಾ ನೂರಾರು ಮಂದಿ ಬರ್ತಾರ್ರಿ. ಎಲ್ಲಾರೂ ಒಂದೊಂದ ಹೆಜ್ಜಿ ಇಟ್ಟರ ಏನ ಉಳೀತದ್ರಿ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಅರ್ಧ ಗಂಟೆ ಮೌನವಾಗಿಯೇ ಹುಟ್ಟು ಹಾಕಿದೆವು.

ಪ್ರೀತಿಯೂ ಸವೆಸಬಲ್ಲದು

ಅವಳ ಪ್ರಶ್ನೆ ಕಲ್ಪನೆಯದಲ್ಲವೆಂಬುದನ್ನು ಆಮೇಲೆ ತಿಳಿದೆವು. ಇಚೆಟಕ್ನಿಯನ್ನು 1970ರಲ್ಲಿ ಸರಕಾರವು ಫಾಸ್ಫೇಟ್ ಸಂಸ್ಥೆಯೊಂದರಿಂದ ಕೊಂಡು ಉದ್ಯಾನವನ್ನಾಗಿ ಮಾಡಿತು; ಬಳಿಕ ಅದರ ಮೂಲಚಿಲುಮೆಗೆ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತೆಂಬ ಮಾನ್ಯತೆ ದೊರೆಯಿತು. ಆದರೆ ಬೇಸಗೆಯಲ್ಲಿ ರಬ್ಬರ್ ಟ್ಯೂಬುಗಳ ಮೇಲೆ ತೇಲುವ ಸಾವಿರಾರು ಜನರ ಕಾಲುಗಳಿಂದ ನೀರುಹುಲ್ಲು ನಾಶವಾಗತೊಡಗಿತು. ಆಗ ಜನಸಂಖ್ಯೆಗೆ ಮಿತಿ ಹಾಕಿದರು. ಒಮ್ಮೆ ಬಳಸಿ ಎಸೆಯುವ ವಸ್ತುಗಳನ್ನು ನದಿಗೆ ಒಯ್ಯಬಾರದೆಂದು ಕಟ್ಟುಮಾಡಿದರು. ಹುಲ್ಲು ಮತ್ತೆ ಚಿಗುರಿತು. ವೀಕಿ ವಾಚೀ ಎಂಬ ಇನ್ನೊಂದು ಚಿಲುಮೆಯ ನದಿಯಲ್ಲಿ ಕಯಾಕಿನವರು ಮರಳುದಿಬ್ಬಗಳಲ್ಲಿ ಇಳಿದಿಳಿದು ದಂಡೆಗಳು ಕುಸಿದುದರಿಂದ, ದೋಣಿಯನ್ನು ಕಟ್ಟಿನಿಲ್ಲಿಸುವುದನ್ನೂ ದಂಡೆಗೆ ಹತ್ತಿಸುವುದನ್ನೂ ನಿಷೇಧಿಸುವ ರಕ್ಷಣಾವಲಯವನ್ನು 2023ರಲ್ಲಿ ಅಂಗೀಕರಿಸಿದರು. ನದಿಯನ್ನು ಕೆಡಿಸಿದವರು ಶತ್ರುಗಳಲ್ಲ, ಅದನ್ನು ಪ್ರೀತಿಸಿ ಬಂದವರೇ ಎಂಬುದು ಇಲ್ಲಿ ಗಮನಾರ್ಹ.

ಆದರೆ ಕಾಲಿನ ಹೆಜ್ಜೆ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಕಟ್ಟು ಹಾಕಬಹುದು. ಕಾಣದ ಹೆಜ್ಜೆಗಳು ಇನ್ನೂ ದೊಡ್ಡವು. ಚಿಲುಮೆಯಿಂದ ಮೈಲಿಗಟ್ಟಲೆ ದೂರದ ಕುಳಿಗಳಲ್ಲಿ ಸಂಶೋಧಕರು ನಿರುಪದ್ರವಿ ಬಣ್ಣವನ್ನು ಸುರಿದಾಗ, ಅದು ನೆಲದೊಳಗಿನ ಸುರಂಗಗಳಲ್ಲಿ ಸಾಗಿ ಇಚೆಟಕ್ನಿಯ ಚಿಲುಮೆಗಳಲ್ಲಿ ಹೊರಬಂದಿತು. ಬಣ್ಣ ಬಂದ ದಾರಿಯಲ್ಲಿ ಹೊಲದ ಗೊಬ್ಬರವೂ, ಕೊಟ್ಟಿಗೆಯ ತೊಪ್ಪೆಯೂ, ಮನೆಯ ಶೌಚಗುಂಡಿಯೂ ಬಾರದಿರುತ್ತವೆಯೇ? ಇವುಗಳಿಂದ ಹುಟ್ಟುವ ನೈಟ್ರೇಟು ಹೆಚ್ಚಾದಂತೆ ಪಾಚಿ ಬೆಳೆದು ನೀರುಹುಲ್ಲನ್ನು ಮುಚ್ಚುತ್ತದೆ. ಚಿಲುಮೆಗಳಲ್ಲಿ ಅದು ಲೀಟರಿಗೆ 0.35 ಮಿಲಿಗ್ರಾಮನ್ನು ಮೀರಬಾರದೆಂದು ಅಲ್ಲಿನ ನಿಯಮ. ಸಿಲ್ವರ್ ಸ್ಪ್ರಿಂಗ್ಸ್‌ನಂತಹ ಹೆಸರಾಂತ ಚಿಲುಮೆಯಲ್ಲಿಯೇ ಅದು 1 ಮಿಲಿಗ್ರಾಮನ್ನು ದಾಟಿದೆ. 2016ರಲ್ಲಿ 30 ಶ್ರೇಷ್ಠ ಚಿಲುಮೆಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ನೀರನ್ನು ಮಿತಿಮೀರಿ ಮೇಲೆತ್ತಿದರೆ ಏನಾಗುವುದೆಂಬುದಕ್ಕೂ ಅಲ್ಲಿ ನಿದರ್ಶನವಿದೆ. ಬಾರ್ಟೋ ಎಂಬ ಊರಿನ ಬಳಿ ಕಿಸೆಂಜೆನ್ ಎಂಬ ಚಿಲುಮೆಯಿತ್ತು. ದಿನಕ್ಕೆ ಸುಮಾರು 7.5 ಕೋಟಿ ಲೀಟರ್ ನೀರು ಉಕ್ಕುತ್ತಿದ್ದ ಆ ಕೊಳದಲ್ಲಿ ಊರಿನ ಜನ ಈಜಿ ನಲಿಯುತ್ತಿದ್ದರು. ಸುತ್ತಣ ಫಾಸ್ಫೇಟ್ ಗಣಿಗಳಿಗೂ ಇತರ ಉಪಯೋಗಗಳಿಗೂ ಅಂತರ್ಜಲವನ್ನು ಎಡೆಬಿಡದೆ ಎತ್ತಿದ ಪರಿಣಾಮವಾಗಿ 1950ರಲ್ಲಿ ಅದು ನಿಂತುಹೋಯಿತು. ಮೊದಲಿನ ಹರಿವು ಮತ್ತೆ ಮರಳಲಿಲ್ಲ.

ನಮ್ಮೂರಿನ ವರತಿ

ಇದನ್ನು ಕೇಳಿದಾಗ ನಮ್ಮ ಮನಸ್ಸು ಸಾವಿರಾರು ಮೈಲಿ ಹಾರಿ ಹುಟ್ಟೂರಿಗೆ ಹೋಯಿತು. ನಮ್ಮ ಊರ ಹಳ್ಳದ ಮರಳಿನಲ್ಲಿ ತಾಯಂದಿರು ಕೈಯಿಂದ ತೋಡಿದ ವರತಿಯಿತ್ತು. ಬೇಸಗೆಯ ಉರಿಯಲ್ಲಿಯೂ ಅದರಲ್ಲಿ ತಿಳಿನೀರು ಜಿನುಗುತ್ತಿತ್ತು. ತೆಂಗಿನ ಚಿಪ್ಪಿನಿಂದ ಗೋರಿ ಕೊಡ ತುಂಬುತ್ತಿದ್ದರು. ಪೂಜೆಯ ಅಗ್ಗವಣಿಯೂ ಅದೇ, ಕುಡಿಯುವ ನೀರೂ ಅದೇ. ವರತಿಯ ಬಳಿ ಕಾಲಿನ ಕೆರವು ಬಿಟ್ಟು ಹೋಗಬೇಕೆಂಬ ಕಟ್ಟಳೆಯಿತ್ತು. ಮಠಕ್ಕೆ ಓದಲು ಹೋದ ನಾವು ಎಷ್ಟೋ ವರ್ಷಗಳ ಮೇಲೆ ಮರಳಿದಾಗ, ಮರಳು ಲಾರಿಗಳಲ್ಲಿ ಹೋಗಿತ್ತು, ಸುತ್ತಲಿನ ಹೊಲಗಳಲ್ಲಿ ಕೊಳವೆಬಾವಿಗಳು ಬಂದಿದ್ದವು, ವರತಿ ಬತ್ತಿತ್ತು. ಆ ಕೊಳವೆಬಾವಿಗಳಲ್ಲಿ ಒಂದು ನಮ್ಮ ಮನೆತನದ ಹೊಲದ್ದೇ. ಹೀಗಿರುವಾಗ ಯಾರನ್ನು ದೂರುವುದು? ಅನ್ಯರ ನದಿಯಲ್ಲಿ ಇಟ್ಟ ಒಂದು ಹೆಜ್ಜೆಗೆ ನಾಚಿದ ನಾವು, ನಮ್ಮ ನೆಲದಲ್ಲಿ ಇಟ್ಟ ಹೆಜ್ಜೆಗಳನ್ನು ಎಣಿಸಿಯೇ ಇರಲಿಲ್ಲ.

ಮನೆಮನೆಯ ತಂದೆತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮಕ್ಕಳಿಗೆ ಈಜು ಕಲಿಸಿರಿ. ತೇಲುಕವಚ ತೊಡಿಸಿ, ಬಲ್ಲವರ ಜೊತೆಯಲ್ಲಿ ಹುಟ್ಟು ಹಿಡಿಸಿರಿ. ನೀರಿನ ಮಟ್ಟಕ್ಕೆ ಕುಳಿತು ನೋಡಿದ ಮಗುವಿಗೆ ನೀರಿನ ಬೆಲೆ ಪುಸ್ತಕದಿಂದ ತಿಳಿಯುವುದಕ್ಕಿಂತ ಬೇಗ ತಿಳಿಯುತ್ತದೆ. ಅದರೊಡನೆ, ಮನೆಯ ಮಾಳಿಗೆಯ ಮಳೆನೀರು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಹೋಗುವಂತೆ ಮಾಡಿರಿ. ಹೊಲಕ್ಕೆ ಬೇಕಾದಷ್ಟೇ ಗೊಬ್ಬರ ಹಾಕಿರಿ. ನಾವೂ ಊರಿಗೆ ಮರಳಿದ ಮೇಲೆ ಸೋದರರೊಡನೆ ಮಾತಾಡಿ, ನಮ್ಮ ಹೊಲದ ಕೊಳವೆಬಾವಿಯ ಬಳಿ ಒಂದು ಇಂಗುಗುಂಡಿ ತೋಡಿಸಿದೆವು. ವರತಿ ಇನ್ನೂ ಜಿನುಗಿಲ್ಲ. ಜಿನುಗಿದರೆ ನೋಡಲು ನಾವು ಇರುತ್ತೇವೆಯೋ ಇಲ್ಲವೋ. ಗುಂಡಿಯಂತೂ ಮೊದಲ ಮಳೆಗೆ ತುಂಬಿ, ಮರುದಿನದ ಹೊತ್ತಿಗೆ ನೀರು ಇಂಗಿಹೋಗಿತ್ತು. ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣದು. ಎಲ್ಲಿಯೋ ಒಂದೆಡೆ ಅದು ಹುಟ್ಟಿಬರುವುದೆಂಬುದನ್ನು ಮಾತ್ರ ಇಚೆಟಕ್ನಿಯಲ್ಲಿ ಕಂಡು ಬಂದಿದ್ದೇವೆ.