ಬಾಡಿಗೆಯ ಮನೆಗೊಂದು ವಿದ್ಯುತ್ಕಾವಲು

ವ್ಯಾಸಂಗಕ್ಕೆಂದೋ ಮೊದಲ ಉದ್ಯೋಗಕ್ಕೆಂದೋ ಊರು ಬಿಟ್ಟು ಬೆಂಗಳೂರಿಗೆ ಬರುವ ತರುಣ ತರುಣಿಯರು ಮೊದಲು ಮಾಡುವ ಕೆಲಸವೆಂದರೆ ಬಾಡಿಗೆಗೆ ಮನೆಯನ್ನು ಹುಡುಕುವುದು. ಇಬ್ಬರೋ ಮೂವರೋ ಸೇರಿ ವಸತಿ ಸಮುಚ್ಚಯವೊಂದರ ಎರಡನೆಯ ಅಂತಸ್ತಿನಲ್ಲಿ ಪುಟ್ಟ ಮನೆಯೊಂದನ್ನು ಹಿಡಿಯುತ್ತಾರೆ. ಮುಂಗಡದ ಹಣವನ್ನು ಎಣಿಸಿಕೊಡುತ್ತಾರೆ. ಮಾಲೀಕರು ಅವರ ಕೈಗೆ ಒಂದು ಬೀಗದ ಕೈಯನ್ನು ಕೊಡುತ್ತಾರೆ. ಇನ್ನು ಈ ಮನೆ ನಮ್ಮದೆಂದು ಅವರು ಸಂತೋಷಪಡುತ್ತಾರೆ. ಆದರೆ ಆ ಬೀಗವನ್ನು ತೆರೆಯುವ ಕೈಗಳು ಇನ್ನೆಷ್ಟು ಲೋಕದಲ್ಲಿ ಸಂಚರಿಸುತ್ತಿರಬಹುದು? ಹಿಂದಿನ ಬಾಡಿಗೆದಾರರು, ಅವರ ಮನೆಗೆಲಸದವರು, ಬಣ್ಣ ಬಳಿಯಲು ಬಂದವರು, ಮನೆ ತೋರಿಸಿದ ದಲ್ಲಾಳಿ - ಇವರಲ್ಲಿ ಯಾರ ಬಳಿ ಪ್ರತಿಯೊಂದು ಉಳಿದಿದೆಯೆಂಬುದನ್ನು ಹೇಳಬಲ್ಲವರಾರು?

ಹಗಲೆಲ್ಲ ಮನೆಯಲ್ಲಿ ಯಾರೂ ಇರುವುದಿಲ್ಲ. ಎದುರುಮನೆಯವರ ಹೆಸರೂ ತಿಳಿದಿರುವುದಿಲ್ಲ. ಒಳಗಿರುವ ಗಣಕಯಂತ್ರ, ಅಂಕಪಟ್ಟಿಗಳು, ತಾಯಿ ಕೊಟ್ಟ ಒಂದೆಳೆ ಸರ ಇವುಗಳಿಗಿಂತಲೂ ಹೆಚ್ಚಿನದೊಂದು ವಸ್ತು ಅಲ್ಲಿದೆ. ಅದು ರಾತ್ರಿ ಒಬ್ಬರೇ ಬಾಗಿಲು ತೆರೆದು ಒಳಹೊಗುವವರ ಮನಶ್ಶಾಂತಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಆದರೆ ಬಾಡಿಗೆದಾರನಿಗೆ ಕೆಲವು ನಿರ್ಬಂಧಗಳುಂಟು. ಅವನು ಗೋಡೆಯನ್ನು ಕೊರೆಯಲಾರ, ಬಾಗಿಲನ್ನು ಬದಲಿಸಲಾರ, ಹನ್ನೊಂದು ತಿಂಗಳ ಕರಾರು ಮುಗಿದಾಗ ಗಂಟುಮೂಟೆ ಕಟ್ಟಬೇಕಾಗಿ ಬಂದರೂ ಬರಬಹುದು. ಆದುದರಿಂದ ಅವನ ಕಾವಲು ಅವನೊಡನೆ ಬಂದು, ಕುರುಹನ್ನು ಉಳಿಸದೆ ಅವನೊಡನೆಯೇ ಹೋಗುವಂಥದಾಗಿರಬೇಕು. ಅಂಥ ಸಾಧನಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ. ಅವುಗಳ ಒಳಗುಟ್ಟನ್ನು ಅರಿಯದೆ ಕೊಂಡವನು ಮೋಸಹೋಗುವುದುಂಟು. ಆದ್ದರಿಂದ ಒಂದೊಂದನ್ನಾಗಿ ಬಿಚ್ಚಿ ನೋಡೋಣ.

ಬೀಗದ ಗುಟ್ಟು

ಇಂದಿನ ಬಹುಪಾಲು ಮನೆಗಳ ಬಾಗಿಲಿನಲ್ಲಿರುವ ಬೀಗವು ಅಮೆರಿಕದ ಲೈನಸ್ ಯೇಲ್ ಎಂಬಾತನು 1860ರ ದಶಕದಲ್ಲಿ ಪರಿಷ್ಕರಿಸಿದ ಮಾದರಿಯದು. ಇದರ ಮೂಲತತ್ತ್ವವು ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೂ ಕಾಣುತ್ತದೆ. ಬೀಗದ ಒಳಗೆ ತಿರುಗಬಲ್ಲ ಒಂದು ಉರುಳೆಯಿದೆ. ಹೊರಗಿನ ಕವಚದಿಂದ ಈ ಉರುಳೆಯೊಳಕ್ಕೆ ಐದಾರು ಸಣ್ಣ ಲೋಹದ ಕಡ್ಡಿಗಳು ಇಳಿದು ಅದನ್ನು ತಿರುಗದಂತೆ ತಡೆದಿರುತ್ತವೆ. ಪ್ರತಿಯೊಂದು ಕಡ್ಡಿಯೂ ಎರಡು ತುಂಡುಗಳಾಗಿದ್ದು, ಸ್ಪ್ರಿಂಗೊಂದು ಅದನ್ನು ಅದುಮುತ್ತಿರುತ್ತದೆ. ಸರಿಯಾದ ಕೈಯನ್ನು ತೂರಿಸಿದಾಗ ಅದರ ಹಲ್ಲುಗಳು ಎಲ್ಲ ಕಡ್ಡಿಗಳನ್ನೂ ತಕ್ಕಷ್ಟೇ ಎತ್ತಿ, ತುಂಡುಗಳ ಸಂಧಿಗಳನ್ನು ಉರುಳೆಯ ಅಂಚಿಗೆ ಒಂದೇ ಗೆರೆಯಲ್ಲಿ ನಿಲ್ಲಿಸುತ್ತವೆ. ಆಗ ಮಾತ್ರ ಉರುಳೆಯು ತಿರುಗುತ್ತದೆ.

ಐದು ಕಡ್ಡಿಗಳಿದ್ದು ಪ್ರತಿಯೊಂದಕ್ಕೂ ಆರು ಎತ್ತರಗಳು ಸಾಧ್ಯವೆಂದು ಭಾವಿಸಿದರೆ, ಆರನ್ನು ಐದು ಬಾರಿ ಗುಣಿಸಿ 7,776 ಬಗೆಯ ಬೀಗದ ಕೈಗಳನ್ನು ಮಾಡಬಹುದು. ಲೆಕ್ಕವೇನೋ ಧೈರ್ಯ ಕೊಡುವಂತಿದೆ. ಆದರೆ ಪ್ರತಿಯೊಂದು ಈಗಾಗಲೇ ಇನ್ನೊಬ್ಬರ ಜೇಬಿನಲ್ಲಿದ್ದರೆ ಈ ಲೆಕ್ಕಕ್ಕೆ ಬೆಲೆಯೇ ಇಲ್ಲ. ಹೀಗಾಗಿ ಬಾಡಿಗೆದಾರನು ಕೈಗೊಳ್ಳಬೇಕಾದ ಮೊದಲ ಕ್ರಮ ವಿದ್ಯುತ್ತಿಗೆ ಸಂಬಂಧಿಸಿದ್ದೇ ಅಲ್ಲ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಬೀಗದ ಉರುಳೆಯ ಭಾಗವೊಂದನ್ನೇ ಬದಲಿಸತಕ್ಕದ್ದು. ಅನೇಕ ಬೀಗಗಳಲ್ಲಿ ಇದಕ್ಕೆ ಬೇಕಾಗುವುದು ಒಂದು ತಿರುಪುಳಿ ಮಾತ್ರ. ಬಾಗಿಲಿಗೆ ಕಿಂಚಿತ್ತೂ ಊನವಾಗುವುದಿಲ್ಲ. ಹಳೆಯದನ್ನು ಜೋಪಾನವಾಗಿಟ್ಟು ಮನೆ ಬಿಡುವಾಗ ಮತ್ತೆ ಜೋಡಿಸಬಹುದು. ಒಂದು ಎಚ್ಚರಿಕೆ: ಒಳಗಿನಿಂದ ಬೀಗದ ಕೈಯಿಲ್ಲದೆಯೇ ತೆರೆಯಬಲ್ಲ ವ್ಯವಸ್ಥೆ ಇರಲೇಬೇಕು. ಬೆಂಕಿ ಬಿದ್ದಾಗ ಹೊಗೆಯ ಕತ್ತಲಲ್ಲಿ ಕೈಯನ್ನು ತಡಕಾಡುವವನಿಗೆ ಭದ್ರವಾದ ಬಾಗಿಲೇ ಮೃತ್ಯುವಾದೀತು.

ಹೊಸ್ತಿಲಿನ ಕಾವಲುಗಾರ

ಬಾಗಿಲು ತೆರೆಯಿತೆಂಬುದನ್ನು ವಿದ್ಯುತ್ತಿನಿಂದ ತಿಳಿಯುವ ಆಲೋಚನೆ ಹೊಸದಲ್ಲ. 1853ರಲ್ಲಿ ಅಮೆರಿಕದ ಆಗಸ್ಟಸ್ ಪೋಪ್ ಎಂಬಾತನು ಬಾಗಿಲು ತೆರೆದೊಡನೆ ವಿದ್ಯುನ್ಮಂಡಲವು ಪೂರ್ಣಗೊಂಡು, ವಿದ್ಯುದಯಸ್ಕಾಂತವು ಸುತ್ತಿಗೆಯನ್ನು ಸೆಳೆದು ಗಂಟೆ ಬಾರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವರ್ತಕನು ಆ ಹಕ್ಕನ್ನು ಕೊಂಡು ಅದನ್ನೊಂದು ಉದ್ಯಮವನ್ನಾಗಿ ಬೆಳೆಸಿದನು.

ಇಂದು ಬಾಗಿಲವಾಡಕ್ಕೆ ಅಂಟಿಸುವ ಬೆರಳುದ್ದದ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ರೀಡ್ ಸ್ವಿಚ್ಚು. 1930ರ ದಶಕದಲ್ಲಿ ಬೆಲ್ ಪ್ರಯೋಗಶಾಲೆಯ ವಾಲ್ಟರ್ ಎಲ್‌ವುಡ್ ಇದನ್ನು ರೂಪಿಸಿದನು. ಗಾಜಿನ ಸಣ್ಣ ನಳಿಗೆಯೊಂದರಲ್ಲಿ ಕಬ್ಬಿಣ ಮತ್ತು ನಿಕಲ್‌ಗಳ ಮಿಶ್ರಲೋಹದ ಎರಡು ತೆಳುಪಟ್ಟಿಗಳು ತುದಿಗೆ ತುದಿ ತಾಗದಂತೆ ನಿಂತಿರುತ್ತವೆ. ಹತ್ತಿರದಲ್ಲಿ ಅಯಸ್ಕಾಂತವಿದ್ದರೆ ಪಟ್ಟಿಗಳು ಕಾಂತತ್ವವನ್ನು ಪಡೆದು ಪರಸ್ಪರ ಆಕರ್ಷಿಸಿ ಕೂಡಿಕೊಳ್ಳುತ್ತವೆ. ಅಯಸ್ಕಾಂತ ದೂರ ಸರಿದೊಡನೆ ತಮ್ಮ ಬಿಗುವಿನಿಂದಲೇ ಅಗಲುತ್ತವೆ. ನಳಿಗೆಯು ಬಾಗಿಲವಾಡದ ಮೇಲೆ, ಅಯಸ್ಕಾಂತವು ಕದದ ಮೇಲೆ. ಬಾಗಿಲು ಮುಚ್ಚಿರುವಾಗ ಮಂಡಲ ಪೂರ್ಣ, ತೆರೆದಾಗ ಭಗ್ನ.

ಪೋಪನ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಅಲ್ಲಿ ಮಂಡಲ ಕೂಡಿದಾಗ ಗಂಟೆ. ಇಲ್ಲಿ ಮಂಡಲ ಮುರಿದಾಗ ಗಂಟೆ. ಮೊದಲನೆಯದರಲ್ಲಿ ಕಳ್ಳನು ತಂತಿಯನ್ನು ಕತ್ತರಿಸಿದರೆ ಗಂಟೆ ಎಂದೆಂದಿಗೂ ಮೌನ. ಎರಡನೆಯದರಲ್ಲಿ ತಂತಿಯನ್ನು ಕತ್ತರಿಸುವುದೇ ಗಂಟೆಗೆ ಕರೆ. ತನ್ನ ಸಾವನ್ನೇ ಸಾರಿ ಹೇಳುವ ಕಾವಲುಗಾರನು ಉತ್ತಮನಲ್ಲವೆ? ತಂತಿಯಿಲ್ಲದ ಒಳ್ಳೆಯ ಉಪಕರಣಗಳಲ್ಲಿಯೂ ಇದೇ ನೀತಿಯಿದೆ. ಅವು ಆಗಾಗ್ಗೆ ‘ನಾನು ಕ್ಷೇಮ’ ಎಂಬ ರೇಡಿಯೋ ಸಂಕೇತವನ್ನು ಕೇಂದ್ರಪೆಟ್ಟಿಗೆಗೆ ಕಳುಹಿಸುತ್ತಿರುತ್ತವೆ. ಸಂಕೇತ ನಿಂತರೆ ಕೇಂದ್ರವು ಎಚ್ಚರಿಸುತ್ತದೆ. ಕೊಳ್ಳುವ ಮೊದಲು ಈ ಗುಣವಿದೆಯೇ ಎಂದು ಕೇಳಿ ತಿಳಿಯಬೇಕು.

ಮಾಡಿ ನೋಡಿ

ಈ ತತ್ತ್ವವನ್ನು ವಿದ್ಯಾರ್ಥಿಗಳು ಮೇಜಿನ ಮೇಲೆಯೇ ಪರೀಕ್ಷಿಸಬಹುದು. 9 ವೋಲ್ಟಿನ ಬ್ಯಾಟರಿ, ಒಂದು ಎನ್‌ಪಿಎನ್ ಟ್ರಾನ್ಸಿಸ್ಟರ್ (ಬಿಸಿ 547 ಆಗಬಹುದು), 10 ಕಿಲೋಓಮಿನ ರೋಧಕ, ಕೆಲವೇ ಮಿಲಿಆಂಪಿಯರುಗಳಲ್ಲಿ ಮೊಳಗುವ ಪುಟ್ಟ ಬಜರ್, ಒಂದು ರೀಡ್ ಸ್ವಿಚ್ಚು ಸಾಕು. ಬಜರನ್ನು ಬ್ಯಾಟರಿಯ ಧನಾಗ್ರಕ್ಕೂ ಟ್ರಾನ್ಸಿಸ್ಟರಿನ ಕಲೆಕ್ಟರಿಗೂ ನಡುವೆ ಸೇರಿಸಿ. ಎಮಿಟರನ್ನು ಋಣಾಗ್ರಕ್ಕೆ ಸೇರಿಸಿ. ರೋಧಕವನ್ನು ಧನಾಗ್ರಕ್ಕೂ ಬೇಸಿಗೂ ನಡುವೆ, ರೀಡ್ ಸ್ವಿಚ್ಚನ್ನು ಬೇಸಿಗೂ ಎಮಿಟರಿಗೂ ನಡುವೆ ಜೋಡಿಸಿ. ಅಯಸ್ಕಾಂತ ಹತ್ತಿರವಿರುವಾಗ ರೋಧಕದ ಮೂಲಕ ಬಂದ ವಿದ್ಯುತ್ತು ಸ್ವಿಚ್ಚಿನ ಸುಲಭಮಾರ್ಗದಲ್ಲಿ ಹರಿದುಹೋಗುವುದರಿಂದ ಟ್ರಾನ್ಸಿಸ್ಟರು ನಿದ್ರಿಸುತ್ತದೆ. ಅಯಸ್ಕಾಂತವನ್ನು ಎಳೆದೊಡನೆ ಆ ವಿದ್ಯುತ್ತು ಬೇಸನ್ನು ಹೊಕ್ಕು ಬಜರ್ ಮೊಳಗುತ್ತದೆ. ಸ್ವಿಚ್ಚಿನ ತಂತಿಯನ್ನು ಕತ್ತರಿಸಿದರೂ ಮೊಳಗುತ್ತದೆ.

ಈ ಎಚ್ಚರಕ್ಕೆ ತೆರಬೇಕಾದ ಬೆಲೆಯೂ ಉಂಟು. ಸುಮ್ಮನೆ ಕಾಯುವಾಗಲೂ ರೋಧಕದಲ್ಲಿ 0.9 ಮಿಲಿಆಂಪಿಯರ್ ಹರಿಯುತ್ತಿರುತ್ತದೆ. ಬ್ಯಾಟರಿಯ ಧಾರಣಶಕ್ತಿ 500 ಮಿಲಿಆಂಪಿಯರ್-ಗಂಟೆ ಎಂದುಕೊಂಡರೆ ಅದು ಸುಮಾರು 555 ಗಂಟೆ, ಅಂದರೆ 23 ದಿನ ಬಾಳುತ್ತದೆ. ರೋಧಕವನ್ನು ಹೆಚ್ಚಿಸಿದರೆ ಆಯುಸ್ಸು ಎಷ್ಟಾಗುವುದೆಂದು ಲೆಕ್ಕಹಾಕಿ; ಆದರೆ ಮಿತಿಮೀರಿ ಹೆಚ್ಚಿಸಿದರೆ ಬಜರ್ ಏಕೆ ಕ್ಷೀಣಿಸುವುದೆಂಬುದನ್ನೂ ಆಲೋಚಿಸಿ.

ಉಷ್ಣವನ್ನು ಕಾಣುವ ಕಣ್ಣು

ಬಾಗಿಲಿನಿಂದಲೇ ಕಳ್ಳನು ಬರಬೇಕೆಂಬ ನಿಯಮವಿಲ್ಲ. ಬಾಲ್ಕನಿಯುಂಟು, ಬಚ್ಚಲಮನೆಯ ಗವಾಕ್ಷಿಯುಂಟು. ಒಳಗೆ ನಡೆದಾಡುವವರನ್ನು ಕಂಡುಹಿಡಿಯುವುದು ಎರಡನೆಯ ಸಾಧನದ ಕೆಲಸ. ಅದನ್ನು ಸಂಕ್ಷೇಪವಾಗಿ ಪಿಐಆರ್ ಎನ್ನುತ್ತಾರೆ. ಇದು ತಾನಾಗಿ ಯಾವ ಕಿರಣವನ್ನೂ ಬೀರುವುದಿಲ್ಲ. ಬಂದ ಕಿರಣವನ್ನು ಗ್ರಹಿಸುತ್ತದೆ, ಅಷ್ಟೆ.

ಉಷ್ಣತೆಯುಳ್ಳ ಪ್ರತಿಯೊಂದು ವಸ್ತುವೂ ಕಿರಣಗಳನ್ನು ಹೊರಸೂಸುತ್ತದೆ. ಸೂರ್ಯನ ಕಿರಣಗಳು ಕಣ್ಣಿಗೆ ಕಾಣುತ್ತವೆ. ಮನುಷ್ಯನ ಚರ್ಮದಿಂದ ಹೊರಡುವ ಅವಕೆಂಪು ಕಿರಣಗಳು ಕಾಣವು. ಅವುಗಳ ತೀವ್ರತೆಯು ಸುಮಾರು 9.5 ಮೈಕ್ರೋಮೀಟರ್ ತರಂಗದೂರದಲ್ಲಿ ಅತ್ಯಧಿಕ. ಲಿಥಿಯಂ ಟ್ಯಾಂಟಲೇಟ್‌ನಂತಹ ಕೆಲವು ಸ್ಫಟಿಕಗಳ ಉಷ್ಣತೆ ಬದಲಾದಾಗ ಅವುಗಳ ಮುಖಗಳ ಮೇಲೆ ವಿದ್ಯುದಂಶ ತೋರುತ್ತದೆ. ಬದಲಾವಣೆಯಿಲ್ಲದಿದ್ದರೆ ವಿದ್ಯುದಂಶವೂ ಇಲ್ಲ. ಇಂತಹ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಕೋಣೆ ಮೆಲ್ಲಗೆ ಬೆಚ್ಚಗಾದರೆ ಎರಡೂ ಸಮನಾಗಿ ಬಿಸಿಯೇರಿ, ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ಮನುಷ್ಯನು ಅಡ್ಡಹಾದರೆ ಮೊದಲು ಒಂದಕ್ಕೆ, ಬಳಿಕ ಇನ್ನೊಂದಕ್ಕೆ ಬಿಸಿ ತಗಲಿ ಸಂಕೇತವೇಳುತ್ತದೆ. ಮುಂದಿರುವ ಬಿಳಿಯ ಹೊದಿಕೆಯು ಅಲಂಕಾರಕ್ಕಾಗಿ ಇಟ್ಟುದಲ್ಲ. ದೀಪಸ್ತಂಭಗಳಿಗಾಗಿ ಫ್ರೆಂಚ್ ವಿಜ್ಞಾನಿ ಫ್ರೆನೆಲ್ ರೂಪಿಸಿದ ಮಸೂರದ ವಂಶದ್ದು. ಕೋಣೆಯನ್ನು ಅದು ಬೀಸಣಿಗೆಯ ಕಡ್ಡಿಗಳಂತೆ ಹಲವು ಪಟ್ಟಿಗಳಾಗಿ ವಿಭಾಗಿಸುತ್ತದೆ.

ಇಷ್ಟು ತಿಳಿದವನಿಗೆ ಅದನ್ನು ಎಲ್ಲಿಡಬೇಕೆಂಬುದು ತಾನಾಗಿ ವೇದ್ಯವಾಗುತ್ತದೆ. ಎದುರಿಗೆ ನೇರವಾಗಿ ಬರುವವನಿಗಿಂತ ಅಡ್ಡಹಾಯುವವನು ಸುಲಭವಾಗಿ ಸಿಕ್ಕಿಬೀಳುವುದರಿಂದ ಬಾಗಿಲಿಗೆ ಎದುರಾಗಿ ಇಡದೆ ಪಕ್ಕದ ಮೂಲೆಯಲ್ಲಿಡಬೇಕು. ಬಿಸಿಲು ಬೀಳುವ ಸ್ಥಳವನ್ನೂ ಒಲೆಯ ನೆರೆಯನ್ನೂ ಬಿಡಬೇಕು. ಕಿಟಕಿಯ ಗಾಜು ಈ ಕಿರಣಗಳಿಗೆ ಅಪಾರದರ್ಶಕವಾದ್ದರಿಂದ ಗಾಜಿನ ಹಿಂದಿಟ್ಟು ಹೊರಗನ್ನು ಕಾಯಬಹುದೆಂಬುದು ಭ್ರಮೆ. ಇನ್ನೊಂದು ಸ್ವಾರಸ್ಯವಿದೆ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಉಷ್ಣತೆ 40 ಡಿಗ್ರಿಯನ್ನು ದಾಟುವುದುಂಟು. ಮನೆಯ ಗೋಡೆ ಮನುಷ್ಯನ ಚರ್ಮದಷ್ಟೇ, ಅಂದರೆ ಸುಮಾರು 34 ಡಿಗ್ರಿಗೆ ಕಾದಿದ್ದರೆ, ಈ ಕಣ್ಣಿಗೆ ಗೋಡೆಗೂ ಮನುಷ್ಯನಿಗೂ ಭೇದ ಕಾಣುವುದು ಕಷ್ಟ. ಅಲ್ಲಿನವರು ಇದೊಂದನ್ನೇ ನಂಬಕೂಡದು.

ಗಂಟೆ ಮತ್ತು ಕಿವಿ

ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಇರುವ ಗಂಟೆಯ ಧ್ವನಿ, ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. 16 ಮೀಟರಿಗೆ 76. ನಡುವೆ ಮುಚ್ಚಿದ ಬಾಗಿಲುಗಳಿದ್ದರೆ ಇನ್ನಷ್ಟು ತಗ್ಗುತ್ತದೆ. ಹೇಗಿದ್ದರೂ ನೆರೆಯವರಿಗೆ ಕೇಳಿಸೀತು. ಆದರೆ ಕೇಳಿಸುವುದು ಬೇರೆ, ಕಿವಿಗೊಡುವುದು ಬೇರೆ.

ಮಸೂರದ ಮೇಲೆ ಹಲ್ಲಿ ಹರಿದು ವಾರಕ್ಕೊಮ್ಮೆ ಗಂಟೆ ಬಾರಿಸುತ್ತದೆಯೆಂದೂ ನಿಜವಾದ ಕಳ್ಳನು ಇಪ್ಪತ್ತು ವರ್ಷಕ್ಕೊಮ್ಮೆ ಬರುತ್ತಾನೆಂದೂ ಊಹಿಸಿಕೊಳ್ಳೋಣ. ಒಂದು ಸತ್ಯಕ್ಕೆ 1,040 ಸುಳ್ಳುಗಳಾದುವು! ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಕಥೆಯನ್ನು ಬಲ್ಲ ನೆರೆಯವರು ಎರಡನೆಯ ತಿಂಗಳಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ. ಆದುದರಿಂದ ಕಾವಲಿನ ಯೋಗ್ಯತೆಯು ಅದು ಎಷ್ಟು ಸೂಕ್ಷ್ಮವೆಂಬುದರಲ್ಲಿ ಮಾತ್ರವಲ್ಲ, ಎಷ್ಟು ವಿರಳವಾಗಿ ಸುಳ್ಳು ಹೇಳುತ್ತದೆಂಬುದರಲ್ಲಿಯೂ ಇದೆ.

ಕ್ಯಾಮರಾ ಮತ್ತು ಮರ್ಯಾದೆ

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ದಾದಿಯಾಗಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಎಂಬ ಮಹಿಳೆ ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಂಟಿಯಾಗಿರಬೇಕಾಗುತ್ತಿತ್ತು. ಕರೆದರೆ ಪೋಲೀಸರು ಬೇಗ ಬರುತ್ತಿರಲಿಲ್ಲ. ಆಕೆ ತನ್ನ ಪತಿಯೊಡನೆ ಬಾಗಿಲ ಇಣುಕುರಂಧ್ರಗಳ ಹಿಂದೆ ಚಲಿಸುವ ಕ್ಯಾಮರಾ, ಒಳಗೊಂದು ದೂರದರ್ಶನದ ತೆರೆ, ಮಾತನಾಡಲು ಧ್ವನಿವಾಹಕ, ಬಾಗಿಲನ್ನು ದೂರದಿಂದಲೇ ತೆರೆಯುವ ಗುಂಡಿ ಇವುಗಳನ್ನು ಕೂಡಿಸಿ 1966ರಲ್ಲಿ ಅರ್ಜಿ ಸಲ್ಲಿಸಿದಳು. ಹಕ್ಕುಪತ್ರವು 1969ರಲ್ಲಿ ದೊರೆಯಿತು. ಒಂಟಿ ಹೆಣ್ಣಿನ ಅಂಜಿಕೆಯಿಂದ ಹುಟ್ಟಿದ ಈ ಸಾಧನದ ಸಂತತಿಯೇ ಇಂದಿನ ಬಾಗಿಲ ಕ್ಯಾಮರಾ.

ಆದರೆ ನಮ್ಮನ್ನು ಕಾಯುವ ಕಣ್ಣು ಪರರನ್ನು ಇಣುಕುವ ಕಣ್ಣಾಗಬಾರದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆದ್ದರಿಂದ ಕ್ಯಾಮರಾ ನಮ್ಮ ಹೊಸ್ತಿಲನ್ನು ನೋಡಲಿ; ಎದುರುಮನೆಯ ಬಾಗಿಲನ್ನಲ್ಲ. ಜೊತೆಗಾರರ ಒಪ್ಪಿಗೆಯಿಲ್ಲದೆ ಒಳಗಿಡಕೂಡದು. ಮಲಗುವ ಕೋಣೆಯಲ್ಲಂತೂ ಸರ್ವಥಾ ಕೂಡದು.

ಇನ್ನೊಂದು ಅಪಾಯವಿದೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಕ್ರಮವಿಧಿಯು ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಅಸಂಖ್ಯಾತ ಕ್ಯಾಮರಾಗಳನ್ನು ವಶಪಡಿಸಿಕೊಂಡು, ಅವುಗಳ ಸೈನ್ಯದಿಂದ ಅಂತರಜಾಲದ ದೊಡ್ಡ ಭಾಗವನ್ನೇ ಕೆಲಗಂಟೆಗಳ ಕಾಲ ತತ್ತರಿಸುವಂತೆ ಮಾಡಿತು. ಬೀಗದ ಉರುಳೆಯನ್ನು ಬದಲಿಸಿದಂತೆಯೇ ಕ್ಯಾಮರಾದ ಗುಪ್ತಪದವನ್ನೂ ಮೊದಲ ದಿನವೇ ಬದಲಿಸಬೇಕು. ತತ್ತ್ವ ಒಂದೇ: ಇತರರ ಬಳಿ ಪ್ರತಿಯಿರುವ ಕೈ ಕೈಯಲ್ಲ.

ಕೆಲಸದ ಕ್ರಮ

ಕೈಯಲ್ಲಿ ಹಣ ಕಡಿಮೆಯಿದ್ದರೆ ಈ ಕ್ರಮವನ್ನು ಅನುಸರಿಸಬಹುದು. ಮೊದಲು ಬೀಗದ ಉರುಳೆ; ಎರಡನೆಯದಾಗಿ ಮುಂಬಾಗಿಲಿಗೂ ಬಾಲ್ಕನಿಯ ಬಾಗಿಲಿಗೂ ಅಯಸ್ಕಾಂತದ ಕಾವಲು ಮತ್ತು ಗಂಟೆ; ಬಳಿಕ ಪಿಐಆರ್; ಎಲ್ಲಕ್ಕೂ ಕಡೆಗೆ ಕ್ಯಾಮರಾ. ಇಮ್ಮುಖದ ಅಂಟುಪಟ್ಟಿಯನ್ನು ಸುಣ್ಣದ ಗೋಡೆಗೆ ಹಚ್ಚಿದರೆ ಸುಣ್ಣವೇ ಕಳಚಿ ಬರುತ್ತದೆ; ಬಾಗಿಲವಾಡದ ಬಣ್ಣದ ಮರವನ್ನು ಒರಸಿ ಒಣಗಿಸಿ ಅಲ್ಲಿ ಹಚ್ಚಬೇಕು. ಅಯಸ್ಕಾಂತಕ್ಕೂ ಪೆಟ್ಟಿಗೆಗೂ ಅಂತರ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ. ಮನೆ ಬಿಡುವಾಗ ಬಲವಾದ ದಾರವನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆದರೆ ಪಟ್ಟಿ ಸುಲಭವಾಗಿ ಬಿಡುತ್ತದೆ. ವಿದ್ಯುತ್ತು ಹೋದಾಗ ದೂರವಾಣಿಗೆ ಸುದ್ದಿ ಮುಟ್ಟಿಸುವ ಅಂತರಜಾಲದ ಪೆಟ್ಟಿಗೆಯೂ ಮೂಕವಾಗುವುದರಿಂದ ಅದಕ್ಕೊಂದು ಬ್ಯಾಟರಿಯ ಆಸರೆ ಬೇಕು. ತಿಂಗಳಿಗೊಮ್ಮೆ ಬೇಕೆಂದೇ ಬಾಗಿಲು ತೆರೆದು ಎಲ್ಲವನ್ನೂ ಪರೀಕ್ಷಿಸತಕ್ಕದ್ದು. ನಿಜವಾದ ಗಂಟೆ ಮೊಳಗಿದಾಗ ಒಳಹೊಕ್ಕು ಕಳ್ಳನನ್ನು ಎದುರಿಸದೆ, ಹೊರಗೇ ನಿಂತು 112ಕ್ಕೆ ಕರೆಮಾಡುವುದು ವಿವೇಕ.

ಇಷ್ಟಾದರೂ ಒಂದು ಕೆಲಸ ಉಳಿದಿದೆ. ಅಯಸ್ಕಾಂತ, ಸ್ಫಟಿಕ, ಟ್ರಾನ್ಸಿಸ್ಟರುಗಳು ಮಾಡಬಲ್ಲದ್ದು ಕೂಗುವುದೊಂದೇ. ಕೂಗಿಗೆ ಓಗೊಡಬೇಕಾದವರು ಮನುಷ್ಯರು. ಹೊಸ ಮನೆಗೆ ಹೋದ ದಿನ ಎದುರುಮನೆಯ ಬಾಗಿಲನ್ನು ತಟ್ಟಿ ನಿಮ್ಮ ಹೆಸರನ್ನು ಹೇಳಿ, ಅವರ ಹೆಸರನ್ನು ಕೇಳಿ, ಗಂಟೆಯ ಧ್ವನಿ ಹೇಗಿರುತ್ತದೆಂಬುದನ್ನು ಒಮ್ಮೆ ಕೇಳಿಸಿ ಬನ್ನಿರಿ. ಅದಕ್ಕೆ ಬ್ಯಾಟರಿ ಬೇಕಿಲ್ಲ, ಮಾಲೀಕರ ಅಪ್ಪಣೆಯೂ ಬೇಕಿಲ್ಲ.