ಖಾಜನದ ನೀರಿನಲ್ಲಿ ಜಿಲೇಬಿ ಮೀನು

ಮೈಸೂರು, ಮಂಡ್ಯದ ಕೆರೆಗಳಲ್ಲಿ ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ ಗೋವಾದ ಕೆರೆಗಳಿಗೂ ಹಿನ್ನೀರಿಗೂ ಹಬ್ಬಿದೆ. ಇದರ ಮೂಲ ಆಫ್ರಿಕಾದ ಆಗ್ನೇಯ ಭಾಗದ ನದಿಗಳು. ವೈಜ್ಞಾನಿಕ ಹೆಸರಿನಲ್ಲೇ ಮೊಜಾಂಬಿಕ್ ಇದೆ. ಆಹಾರದ ಕೊರತೆ ನೀಗುತ್ತದೆಂಬ ನಂಬಿಕೆಯಿಂದ 1952ರಲ್ಲಿ ಇದನ್ನು ಭಾರತಕ್ಕೆ ತಂದರು. ಏಳು ವರ್ಷ ಕಳೆಯುವುದರೊಳಗೆ, 1959ರಲ್ಲಿ, ಮೀನುಗಾರಿಕಾ ಸಂಶೋಧನಾ ಸಮಿತಿ ಇದರ ಪ್ರಸಾರಕ್ಕೆ ತಡೆ ಹಾಕಿತು. ಅಷ್ಟರಲ್ಲಿ ಮೀನು ಮನುಷ್ಯರ ಕೈ ಮೀರಿತ್ತು.

ಹಾಗೆ ಮೀರಲು ಅದರ ಹುಟ್ಟುಗುಣವೇ ಕಾರಣ. ಗಂಡು ಮೀನು ದಡದ ಹತ್ತಿರ, ಆಳವಿಲ್ಲದ ನೀರಿನ ತಳದಲ್ಲಿ ಬಾಯಿಂದ ಮಣ್ಣೆತ್ತಿ ದುಂಡಗಿನ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಕೂಡಲೇ ಅವನ್ನು ತನ್ನ ಬಾಯಿಗೆ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆಯುವುದು ಬಾಯಿಯೊಳಗೇ. ಈಜು ಬಂದ ಮರಿಗಳೂ ಅಪಾಯ ಕಂಡರೆ ಮತ್ತೆ ತಾಯಿಯ ಬಾಯಿಗೆ ನುಗ್ಗುತ್ತವೆ. ಎರಡು ಮೂರು ತಿಂಗಳಲ್ಲೇ ಆ ಮರಿಗಳು ಸಂತಾನಕ್ಕೆ ಸಿದ್ಧ. ಸಂಖ್ಯೆ ಹೆಚ್ಚಾಗಿ ಜಾಗ ಸಾಲದಾದಾಗ ಮೈ ಬೆಳೆಯುವುದು ನಿಲ್ಲುತ್ತದೆ, ಆದರೆ ಮರಿ ಮಾಡುವುದು ನಿಲ್ಲುವುದಿಲ್ಲ. ಸಿಹಿನೀರಿನ ಮೀನಾದರೂ ಇದು ಸಮುದ್ರದಷ್ಟು ಉಪ್ಪನ್ನು ತಾಳಬಲ್ಲದು. ಗೋವಾದ ಖಾಜನಗಳಲ್ಲಿ ನೆಲೆಯೂರಲು ಈ ಶಕ್ತಿ ಸಾಕಾಯಿತು.

ಖಾಜನವೆಂದರೆ ನದಿಮುಖದ ಉಪ್ಪುನೀರಿನಿಂದ ಕಟ್ಟೆ ಹಾಕಿ ಬಿಡಿಸಿಕೊಂಡ ತಗ್ಗು ಭೂಮಿ. ಕುಮಟಾ, ಅಂಕೋಲಾ ಕಡೆಯವರಿಗೆ ಗಜನಿ ಎಂದರೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಮಾಂಡವಿ, ಜುವಾರಿ ನದಿಗಳ ಇಕ್ಕೆಲಗಳಲ್ಲಿ, ಚೊಡಣ ಮತ್ತು ದಿವಾಡಿ ದ್ವೀಪಗಳಲ್ಲಿ ಇಂಥ ಭೂಮಿ ಹರಡಿದೆ. ಒಟ್ಟು ಸುಮಾರು 18,000 ಹೆಕ್ಟೇರ್ ಎಂಬ ಅಂದಾಜಿದೆ. ಮಣ್ಣು, ಹುಲ್ಲು, ಚಿರೆಕಲ್ಲು ಸೇರಿಸಿ ಕಟ್ಟಿದ ಏರಿಗೆ ಅಲ್ಲಲ್ಲಿ ಮಾನಸ ಎಂಬ ಮರದ ಬಾಗಿಲುಗಳಿವೆ. ಭರತ ಬಂದು ನದಿ ಏರಿದಾಗ ಆ ನೀರಿನ ಒತ್ತಡಕ್ಕೇ ಕದ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಒಳಗಿನ ನೀರು ತಳ್ಳಿದಾಗ ತಾನೇ ತೆರೆಯುತ್ತದೆ. ಮಳೆಗಾಲದಲ್ಲಿ ಗದ್ದೆಯಲ್ಲಿ ಕೊರ್ಗುಟ್ ಎಂಬ ಉಪ್ಪು ತಾಳುವ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ನೀರನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಅದರೊಂದಿಗೆ ಸಿಗಡಿ, ಏಡಿ, ಚೊಣಕ್ ಮತ್ತು ಶೆವಟೊ ಮೀನುಗಳು ಬರುತ್ತವೆ. ಮಾನಸದ ಹಿಂದೆ ಪೊಯಿಂ ಎಂಬ ಆಳದ ಹೊಂಡವಿದ್ದು, ಮೀನು ನಿಲ್ಲುವುದು ಅಲ್ಲಿ.

ಮಾನಸದ ಮೀನುಗಾರಿಕೆ ಹೆಚ್ಚು ಓಡಾಟವಿಲ್ಲದ, ಆದರೆ ನಿದ್ದೆಗೆಡಿಸುವ ಕೆಲಸ. ಹಕ್ಕನ್ನು ಹರಾಜಿನಲ್ಲಿ ಪಡೆದವರು ಇಳಿತ ಶುರುವಾಗುವ ಹೊತ್ತಿಗೆ ಬಾಗಿಲಿನ ಚೌಕಟ್ಟಿಗೆ ಉದ್ದನೆಯ ಚೀಲಬಲೆ ಕಟ್ಟುತ್ತಾರೆ. ಹೊರಗೆ ಧುಮುಕುವ ನೀರು ಸಿಗಡಿಯನ್ನೂ ಮೀನನ್ನೂ ಚೀಲದ ಬಾಲಕ್ಕೆ ತಂದು ಸೇರಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಜೋರಾದ್ದರಿಂದ ಸಿಗುವ ಮೀನೂ ಹೆಚ್ಚು. ಈ ಬಲೆಗೆ ಜಿಲೇಬಿ ಮೀನೂ ಬೀಳುತ್ತದೆ. ಆದರೆ ಅದು ಭರತದೊಡನೆ ಬಂದು ಇಳಿತದೊಡನೆ ಹೋಗುವ ಅತಿಥಿಯಲ್ಲ, ಪೊಯಿಂ ಒಳಗೇ ಹುಟ್ಟಿ ಬೆಳೆಯುವ ಮೀನು. ಹರಿವನ್ನು ಕಾದು ಕೂತರೆ ಅದು ಮುಗಿಯದು. ಗಾಳ ಹಾಕಿದರೂ ಅರ್ಧ ಕೆಲಸವೇ, ಏಕೆಂದರೆ ಬಾಯಲ್ಲಿ ಮರಿ ಹೊತ್ತ ಹೆಣ್ಣು ಆ ದಿನಗಳಲ್ಲಿ ಹೆಚ್ಚುಕಡಿಮೆ ಉಪವಾಸವಿದ್ದು, ಎರೆಹುಳುವಿನ ಕಡೆ ತಿರುಗುವುದೇ ಅಪರೂಪ. ಅದನ್ನು ಹಿಡಿಯಬೇಕಾದರೆ ಬೀಸುಬಲೆಯೇ ಬೇಕು.

ಕೊಂಕಣಿಯಲ್ಲಿ ಪಾಗೇರ್ ಎನ್ನುವ ಈ ಬಲೆಯ ರಚನೆ ನೋಡಿದಷ್ಟೂ ಬೆರಗು ಹುಟ್ಟಿಸುತ್ತದೆ. ಹೆಣಿಗೆ ತುದಿಯಿಂದ ಶುರುವಾಗುತ್ತದೆ. ಬಿದಿರಿನ ಸೂಜಿಗೆ ದಾರ ಸುತ್ತಿ, ಒಂದೇ ಅಳತೆಯ ಪಟ್ಟಿಯ ಮೇಲೆ ಗಂಟು ಹಾಕುತ್ತ ಹೋದರೆ ಎಲ್ಲ ಕಣ್ಣುಗಳೂ ಸಮನಾಗಿ ಬರುತ್ತವೆ. ಕೆಳಗಿಳಿದಂತೆ ಸುತ್ತು ಅಗಲವಾಗಬೇಕು. ಅದಕ್ಕಾಗಿ ಕೆಲವು ಸಾಲುಗಳಿಗೊಮ್ಮೆ, ಸಮ ದೂರದಲ್ಲಿ, ಹೆಚ್ಚುವರಿ ಕಣ್ಣುಗಳನ್ನು ಸೇರಿಸುತ್ತಾರೆ. ಎಲ್ಲಿ ಸೇರಿಸಬೇಕೆಂಬ ಲೆಕ್ಕ ತಪ್ಪಿದರೆ ಬಲೆ ಒಂದು ಬದಿಗೆ ವಾಲುತ್ತದೆ, ಎಂದೂ ದುಂಡಗೆ ಬೀಳುವುದಿಲ್ಲ. ಕೆಳ ಅಂಚಿಗೆ ಸೀಸದ ಗುಂಡುಗಳನ್ನು ಪೋಣಿಸುತ್ತಾರೆ. ಆ ಅಂಚನ್ನು ಒಳಕ್ಕೆ ಮಡಿಸಿ, ಅಲ್ಲಲ್ಲಿ ದಾರದಿಂದ ಮೇಲಕ್ಕೆ ಕಟ್ಟಿದಾಗ ಸುತ್ತಲೂ ಚಿಕ್ಕ ಚಿಕ್ಕ ಜೇಬುಗಳಾಗುತ್ತವೆ. ಮೀನು ಕೊನೆಗೆ ಸಿಕ್ಕಿಬೀಳುವುದು ಈ ಜೇಬಿನಲ್ಲಿ. ಹತ್ತಿಯ ದಾರದ ಕಾಲದಲ್ಲಿ ಬಲೆ ಕೊಳೆಯದಿರಲಿ ಎಂದು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಬೇಕಾಗಿತ್ತು. ನೈಲಾನ್ ಬಂದು ಆ ಕೆಲಸ ತಪ್ಪಿತು. ಹರಿದ ಕಣ್ಣನ್ನು ಕೂಡಿಸುವ ಕೆಲಸ ಮಾತ್ರ ಇಂದಿಗೂ ಕೈಬೆರಳಿನದೇ.

ಬೀಸುವ ಮೊದಲು ನೋಡುವುದಿದೆ. ಬಲೆಗಾರ ಸೂರ್ಯನಿಗೆ ಎದುರಾಗಿ, ತನ್ನ ನೆರಳು ನೀರಿನ ಮೇಲೆ ಬೀಳದಂತೆ ಏರಿಯ ಮೇಲೆ ನಡೆಯುತ್ತಾನೆ. ತಿಳಿನೀರಿದ್ದರೆ ತಳದ ಗುಂಡಿಗಳು ಸಾಲಾಗಿ ಕಾಣುತ್ತವೆ. ಪ್ರತಿ ಗುಂಡಿಯ ಮೇಲೆ ಕಪ್ಪು ಮೈ, ಬಿಳಿ ಗಂಟಲು, ಕೆಂಪು ಅಂಚಿನ ರೆಕ್ಕೆಯ ಗಂಡು ಕಾವಲಿರುತ್ತದೆ. ನೀರು ಕಲಕಿದ್ದರೆ ಮೇಲ್ಮೈಯ ಸಣ್ಣ ನಡುಕವನ್ನೇ ಓದಬೇಕು. ಈ ಓದನ್ನು ಕಲಿಸಲು ಯಾವ ಪಾಠವೂ ಇಲ್ಲ, ಬಲೆಗಾರನ ಹಿಂದೆ ನಡೆದೇ ಕಲಿಯಬೇಕು.

ಮೊದಲು ಬಲೆಯನ್ನು ಒದ್ದೆ ಮಾಡಿಕೊಳ್ಳುತ್ತಾನೆ, ಒಣಗಿದ ಬಲೆ ಬಿಚ್ಚಿಕೊಳ್ಳದು. ತುದಿಯ ಹಗ್ಗದ ಕುಣಿಕೆ ಎಡ ಮಣಿಕಟ್ಟಿಗೆ. ಉಳಿದ ಹಗ್ಗವನ್ನೂ ಬಲೆಯ ಮೇಲರ್ಧವನ್ನೂ ಸುರುಳಿಯಾಗಿ ಅದೇ ಕೈಯಲ್ಲಿ ಹಿಡಿಯುತ್ತಾನೆ. ಅಂಚಿನ ಒಂದು ಪಾಲು ಎಡ ಮೊಣಕೈ ಮೇಲೆ, ಮಿಕ್ಕದ್ದು ಬಲಗೈಯಲ್ಲಿ. ಕಾಲು ಅಗಲಿಸಿ ನಿಂತು, ಸೊಂಟವನ್ನು ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ಬಿಡುವಾಗ ಮೊದಲು ಬಲಗೈ, ಆಮೇಲೆ ಮೊಣಕೈ, ಕೊನೆಗೆ ಎಡಗೈ ಸಡಿಲುತ್ತದೆ. ಇದೆಲ್ಲ ಒಂದು ಉಸಿರಿನ ಹೊತ್ತು. ಬಲೆ ಗಾಳಿಯಲ್ಲಿ ಬಿಚ್ಚಿದ ಕೊಡೆಯಂತೆ ಹರಡಿ, ಸೀಸದ ಗುಂಡುಗಳೆಲ್ಲ ಒಮ್ಮೆಗೇ ನೀರಿಗೆ ತಾಗಬೇಕು. ಒಂದು ಬದಿ ಮುಂಚೆ ಬಿದ್ದರೆ ಮೀನು ಇನ್ನೊಂದು ಬದಿಯಿಂದ ಹೋಗಿಯಾಯಿತು. ಬಲಗೊಂಡ ತೋಳಿಗಿಂತ ಹೊತ್ತರಿತ ಬೆರಳುಗಳೇ ಇಲ್ಲಿ ಮುಖ್ಯ.

ಬೇರೆ ಮೀನಾದರೆ ಇಲ್ಲಿಂದ ಮುಂದೆ ಹಗ್ಗವನ್ನು ನಿಧಾನವಾಗಿ ಎಳೆದರೆ ಮುಗಿಯಿತು. ಜಿಲೇಬಿ ಮೀನಿಗೆ ಇನ್ನೊಂದು ಉಪಾಯ ಗೊತ್ತು. ಬಲೆ ಮೇಲೆ ಬಂದಾಗ ಅದು ತನ್ನ ಗುಂಡಿಗೆ ಅಥವಾ ಕೆಸರಿಗೆ ಮೈಯೊತ್ತಿ ಮಲಗುತ್ತದೆ. ಸೀಸದ ಅಂಚು ಗುಂಡಿಯ ಮೇಲೆ ಸೇತುವೆಯಂತೆ ನಿಂತರೆ ಮೀನು ಕೆಳಗಿನಿಂದ ಜಾರುತ್ತದೆ. ಆದ್ದರಿಂದ ಬಲೆಗಾರ ನೀರಿಗಿಳಿದು, ಅಂಚಿನ ಸುತ್ತ ನಡೆಯುತ್ತ, ಪಾದದಿಂದ ತಗ್ಗುಗಳನ್ನು ಹುಡುಕಿ ಗುಂಡುಗಳನ್ನು ಒತ್ತುತ್ತಾನೆ. ಮೀನು ಕದಲಿದ್ದು ಅಂಗಾಲಿಗೆ ತಿಳಿಯುತ್ತದೆ. ಕೈ ಹಾಕುವಾಗ ತಲೆಯ ಕಡೆಯಿಂದ ಸವರಿ ಬೆನ್ನಿನ ಮುಳ್ಳುಗಳನ್ನು ಮಡಚಬೇಕು. ಹದಿನೈದಕ್ಕೂ ಹೆಚ್ಚು ಚೂಪು ಮುಳ್ಳುಗಳು ಅಲ್ಲಿ ನೆಟ್ಟಗಿರುತ್ತವೆ.

ಹೀಗೆ ಹಿಡಿದರೂ ತಾಯಿಯ ಬಾಯಿಂದ ಉದುರಿದ ಮರಿಗಳು ಬಲೆಯ ಕಣ್ಣಿನಿಂದ ಪಾರಾಗಿಬಿಡುತ್ತವೆ. ತಿಂದು ತಿಂದು ಈ ಮೀನನ್ನು ಇಲ್ಲವಾಗಿಸಬಹುದೆಂದು ನಾನು ನಂಬುವುದಿಲ್ಲ. ಆದರೆ ಗೋವಾದವರಿಗೆ ಪ್ರಿಯವಾದ ಕಳುಂದರ್, ಅಂದರೆ ಕೇರಳದ ಕರಿಮೀನು, ಇದೇ ವಂಶದ ನಮ್ಮ ನೆಲದ ಮೀನು. ಅದೂ ಇದೇ ಆಳವಿಲ್ಲದ ತಳದಲ್ಲಿ ಮೊಟ್ಟೆಯಿಟ್ಟು ಕಾಯುತ್ತದೆ. ಜಿಲೇಬಿ ಮೀನು ತೆರವು ಮಾಡಿದ ಪ್ರತಿ ಮೊಳ ಜಾಗವೂ ಅದಕ್ಕೆ ಬೇಕು. ಚೊಣಕ್ ತನ್ನ ಪಾಲಿಗೆ ಜಿಲೇಬಿ ಮರಿಗಳನ್ನು ತಿನ್ನುತ್ತದೆ, ಉಳಿದದ್ದು ಬಲೆಗಾರನ ಪಾಲು.

ಅಡುಗೆಮನೆಯಲ್ಲಿ ಇದರ ಹೆಸರು ಕೆಟ್ಟಿರುವುದು ಕೆಸರಿನ ವಾಸನೆಗೆ. ಆ ವಾಸನೆ ಕೆಸರಿನದಲ್ಲ. ನೀರಿನಲ್ಲಿರುವ ನೀಲಿಹಸಿರು ಪಾಚಿ ಮತ್ತು ಕೆಲವು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಮೊದಲ ಮಳೆಗೆ ನೆಲದಿಂದೇಳುವ ಗಂಧವೂ ಅದರದೇ. ಅದು ಮೀನಿನ ಕೊಬ್ಬಿನಲ್ಲಿ ಸೇರುತ್ತದೆ. ಹುಳಿ ತಾಗಿದರೆ ಜಿಯೋಸ್ಮಿನ್ ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಗೋವಾದ ಅಡುಗೆಗೆ ಹುಳಿಯ ಬಡತನವಿಲ್ಲ, ತೆಂಗಿನ ಶೇಂದಿಯ ವಿನೆಗರ್, ಮುರುಗಲು ಸಿಪ್ಪೆ, ಹುಣಸೆ ಎಲ್ಲವೂ ಇವೆ.

ಸಾಧ್ಯವಾದರೆ ಮೀನನ್ನು ಜೀವಂತವಾಗಿ ಶುದ್ಧ ನೀರಿನಲ್ಲಿ ಒಂದೆರಡು ದಿನ ಇಡುವುದು ಒಳ್ಳೆಯದು. ನಂತರ ಆದೊಳಿಯ, ನಮ್ಮ ಮೆಟ್ಟುಗತ್ತಿಯ, ಮುಂದೆ ಕೂತು ಬಾಲದಿಂದ ತಲೆಯ ಕಡೆಗೆ ಹುರುಪೆ ತೆಗೆಯುತ್ತಾರೆ. ಪಾಚಿ ತಿನ್ನುವ ಮೀನಾದ್ದರಿಂದ ಕರುಳು ಬಹಳ ಉದ್ದ, ಅದು ಒಡೆಯದಂತೆ ಹೊರತೆಗೆಯಬೇಕು. ಹೊಟ್ಟೆಯ ಒಳಗೋಡೆಗೆ ಅಂಟಿದ ಕಪ್ಪು ಪೊರೆಯನ್ನು ಉಗುರಿನಿಂದ ಪೂರ್ತಿ ಕೆರೆಯುತ್ತಾರೆ. ಅವಸರದವರು ಇಲ್ಲಿ ಬಿಟ್ಟದ್ದು ತಟ್ಟೆಯಲ್ಲಿ ಕಹಿಯಾಗಿ ಸಿಗುತ್ತದೆ. ಕಲ್ಲುಪ್ಪು, ವಿನೆಗರ್ ಹಾಕಿ ಉಜ್ಜಿ ತೊಳೆದಾಗ ಲೋಳೆ ಬಿಡುತ್ತದೆ.

ರೆಶಾದ್ ಮಸಾಲೆಗೆ ಒಣಮೆಣಸು, ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಲವಂಗ, ದಾಲ್ಚಿನ್ನಿ, ಹುಣಸೆ, ಚಿಟಿಕೆ ಸಕ್ಕರೆಯನ್ನು ವಿನೆಗರಿನಲ್ಲಿ ನೆನೆಸಿ ನುಣ್ಣಗೆ ರುಬ್ಬುತ್ತಾರೆ. ನೀರು ಸೋಕಿಸುವುದಿಲ್ಲ, ಹಾಗಾಗಿ ಅದು ವಾರಗಟ್ಟಲೆ ಕೆಡದು. ಮೀನಿನ ಬೆನ್ನನ್ನು ಮುಳ್ಳಿನ ಎರಡೂ ಬದಿ ಸೀಳಿ, ಮಸಾಲೆ ತುಂಬಿ, ಹೊರಗೂ ಸವರಿ, ಅರ್ಧ ತಾಸು ಬಿಟ್ಟು, ಮಧ್ಯಮ ಉರಿಯಲ್ಲಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಒಮ್ಮೆ ಮಾತ್ರ ಮಗುಚಬೇಕು. ಮಾಂಸ ಬಿಳಿ, ಪದರಪದರವಾಗಿ ನಡುಮುಳ್ಳಿನಿಂದ ಬಿಟ್ಟುಬರುತ್ತದೆ. ಪಕ್ಕೆಲುಬುಗಳ ಬಳಿ ಮಾತ್ರ ಜಾಗ್ರತೆ ಬೇಕು. ಬೆಳೆಯದೆ ಉಳಿದ ಬೆರಳುದ್ದದವನ್ನು ಎಸೆಯಬಾರದು. ಉಪ್ಪು, ಖಾರ, ಮುರುಗಲ ರಸ ಹಚ್ಚಿ, ರವೆಯಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದರೆ ರೆಕ್ಕೆ, ಬಾಲವನ್ನೂ ಅಗಿದು ತಿನ್ನಬಹುದು. ಇಂಥವು ಇರುವಷ್ಟು ದಿನ ಪೊಯಿಂಗೆ ಸಣ್ಣ ಕಣ್ಣಿನ ಬಲೆ ಬೀಸಲು ಕಾರಣವೂ ಇರುತ್ತದೆ, ಆದರೆ ಅದರಲ್ಲಿ ಬಿದ್ದ ಕಳುಂದರ್ ಮರಿಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ವಾಪಸು ಬಿಡುವ ತಾಳ್ಮೆ ಜೊತೆಗಿರಬೇಕು.